ನಿನ್ನ ಪಾಲಿನ ಹಿಟ್ಟು



ನಮ್ಮ ಕರಾವಳಿಯಲ್ಲಿ ಪರವೂರಿನಿಂದ ಬಂದವರನ್ನು ದಾರಿಯಲ್ಲಿ ಕಂಡರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ತುಳುವಿನಲ್ಲಿ ಮೊದಲನೆಯದು, 'ಏಪ ಬತ್ತ?' ಯಾವಾಗ ಬಂದೆ? ಅದಕ್ಕೆ ಉತ್ತರ ಮುಗಿಯುವ ಮೊದಲೇ ಎರಡನೆಯದು, 'ಏಪ ಪೋಪ?' ಯಾವಾಗ ಹೊರಡುತ್ತಿ? ಕೇಳಿದ ಹೊಸಬರಿಗೆ, ಬಂದವನನ್ನು ಓಡಿಸುತ್ತಿದ್ದಾರೇನೋ ಎನಿಸಬಹುದು. ಆದರೆ ನಿನ್ನ ಜೊತೆ ಕೂತು ಮಾತಾಡಲು ನಮಗೆಷ್ಟು ದಿನ ಸಿಕ್ಕೀತು ಎಂದು ಲೆಕ್ಕ ಹಾಕುವ ಪ್ರೀತಿ ಆ ಪ್ರಶ್ನೆಯೊಳಗಿದೆ. ಇವತ್ತು ನಾನು ಆಡಬೇಕೆಂದಿರುವ ನಾಲ್ಕು ಮಾತು ಆ ಲೆಕ್ಕದ ಬಗ್ಗೆಯೇ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗುವವರು ಯಾವತ್ತು ಹೋಗಿ ಮುಟ್ಟಬೇಕು, ಹೋದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ.

ನನ್ನದು ಕಿನ್ನಿಗೋಳಿಯ ಆಚೆಗಿನ ಒಂದು ಹಳ್ಳಿ. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯ ಮೆಟ್ಟಿಲು ಹತ್ತಿದರೆ ಕನ್ನಡ. ಪ್ರಾರ್ಥನೆಯ ಪುಸ್ತಕ ಕೊಂಕಣಿಯದು, ಅದರ ಅಕ್ಷರ ಕನ್ನಡದ್ದು. ಕ್ರಿಸ್‌ಮಸ್ಸಿಗೆ ನಾವು 'ನತಾಲಾಂ' ಎನ್ನುತ್ತೇವೆ. ಪೋರ್ಚುಗೀಸಿನ 'ನತಾಲ್' ಎಂಬ ಪದ ಗೋವೆಯಲ್ಲಿ ನಮ್ಮ ಹಿರಿಯರ ಬಾಯಿಗೆ ಬಂದು, ಅವರ ಜೊತೆಯಲ್ಲೇ ಕಡಲಂಚು ಹಿಡಿದು ತೆಂಕಣಕ್ಕೆ ಇಳಿಯಿತು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಗದ್ದೆ ಮಾಡಿದರು, ತೆಂಗು ನೆಟ್ಟರು. ಮತ್ತೆ ಹೊಟ್ಟೆಪಾಡು ಕರೆದಾಗ ಮುಂಬಯಿಗೆ, ಕೊಲ್ಲಿ ದೇಶಗಳಿಗೆ, ಬೆಂಗಳೂರಿಗೆ ಹೊರಟರು. ಹೀಗೆ ಹೊರಟವರೆಲ್ಲ ವರ್ಷಕ್ಕೊಮ್ಮೆ ಊರಿನ ಕಡೆ ಮುಖ ಮಾಡುವ ತಿಂಗಳು ಡಿಸೆಂಬರ್.

ನಾನು ಸಣ್ಣವನಿದ್ದಾಗ ಮುಂಬಯಿಯ ಮಾವ ಬರುತ್ತಿದ್ದದ್ದು ಬಸ್ಸಿನಲ್ಲಿ, ಒಂದು ಹಗಲು ಒಂದು ರಾತ್ರಿಯ ದಾರಿ. ಗೇಟಿನ ಹತ್ತಿರ ಬಂದಾಗ ಅವರ ತಲೆಗೂದಲು ಧೂಳಿನಲ್ಲಿ ಕೆಂಪಾಗಿರುತ್ತಿತ್ತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ಶುರುವಾದ ಮೇಲೆ ಅವರು ಇಸ್ತ್ರಿ ಕೆಡದ ಅಂಗಿಯಲ್ಲಿ ಬಂದು ಇಳಿಯತೊಡಗಿದರು. ಕೊಲ್ಲಿಯಲ್ಲಿದ್ದ ಚಿಕ್ಕಪ್ಪ, 2006ರಲ್ಲಿ ಮಂಗಳೂರು ಮತ್ತು ದುಬೈ ನಡುವೆ ನೇರ ವಿಮಾನ ಹಾರುವವರೆಗೂ ಮುಂಬಯಿ ಸುತ್ತಿಯೇ ಬರಬೇಕಿತ್ತು. ನನ್ನ ಪಾಲಿಗೆ ಬಂದದ್ದು ಬೆಂಗಳೂರಿನ ರಾತ್ರಿ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿ, ಅದರಲ್ಲಿ 57 ಸುರಂಗ. ನಿದ್ದೆಗಣ್ಣಿನಲ್ಲೂ ಸುರಂಗದ ಸದ್ದು ಕಿವಿಗೆ ಬೀಳುತ್ತದೆ. ಗಾಲಿಯ ಸದ್ದು ಗುಮ್ಮೆಂದು ಒಳಗೆ ನುಗ್ಗುತ್ತದೆ, ಮತ್ತೆ ಬಯಲಿಗೆ ಬಿದ್ದು ಹಗುರಾಗುತ್ತದೆ. ಬೆಳಗಾಗುವಾಗ ಕಿಟಕಿಯಿಂದ ಬರುವ ಗಾಳಿ ಬೆಚ್ಚಗಿರುತ್ತದೆ, ಅಡಿಕೆ ತೋಟದ ವಾಸನೆ ಇರುತ್ತದೆ. ಅಲ್ಲಿಗೆ ಊರು ಬಂತು.

ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷ ನಾನು ಊರಿಗೆ ಹೋಗುತ್ತಿದ್ದದ್ದು 24ರ ಬೆಳಿಗ್ಗೆಗೆ. ಹೋಗುವುದು, ಮೀಯುವುದು, ಹೊಸ ಅಂಗಿ ತೊಟ್ಟು ಇಗರ್ಜಿಗೆ ನಡೆಯುವುದು, ಮರುದಿನ ಉಂಡು ಮಲಗುವುದು, 26ಕ್ಕೆ ಹೊರಡುವುದು. ಹಬ್ಬ ಎಂದರೆ 25ನೆಯ ತಾರೀಕು ಎಂದು ನಾನು ತಿಳಿದುಕೊಂಡಿದ್ದೆ. ಅದು ತಪ್ಪು ಎಂದು ಕಲಿಸಿದ್ದು ನನ್ನ ಅಮ್ಮ, ಒಂದು ಹಿಡಿ ಮೈದಾಹಿಟ್ಟಿನಿಂದ.

ಒಂದು ವರ್ಷ ರೈಲಿನಲ್ಲಿ ಸೀಟು ಸಿಗಲಿಲ್ಲ. 23ರ ರಾತ್ರಿ ಬಸ್ಸು ಹತ್ತಿದೆ. ಶಿರಾಡಿ ಘಾಟಿಯಲ್ಲಿ ಲಾರಿಯೊಂದು ದಾರಿಗಡ್ಡ ಬಿದ್ದು ಸಾಲು ನಿಂತುಬಿಟ್ಟಿತು. ಮನೆ ಮುಟ್ಟುವಾಗ 24ರ ಮಧ್ಯಾಹ್ನ ಕಳೆದಿತ್ತು. ತಂಗಿಯಂದಿರು ಬಂದು ನಾಲ್ಕು ದಿನವಾಗಿತ್ತು. ಹಬ್ಬದ ತಿಂಡಿಯೆಲ್ಲ ಡಬ್ಬಿಗಳಿಗೆ ಸೇರಿ, ಅಡುಗೆಮನೆ ಒರೆಸಿ ಇಟ್ಟಿದ್ದರು. ಚೀಲ ಕೆಳಗಿಡುತ್ತಿದ್ದ ಹಾಗೆ ಅಮ್ಮ ಹೇಳಿದರು, 'ಕೈ ತೊಳೆದು ಬಾ ಪುತಾ, ನಿನ್ನ ಪಾಲಿನ ಹಿಟ್ಟು ಇಟ್ಟಿದ್ದೇನೆ.' ನೋಡಿದರೆ ಒಲೆಯ ಪಕ್ಕ ಒಂದು ಪುಟ್ಟ ಪಾತ್ರೆ, ಅದರ ಮೇಲೆ ಒದ್ದೆ ಬಟ್ಟೆ. ನನಗೋಸ್ಕರ ಆ ಬೆಳಿಗ್ಗೆ ಮತ್ತೆ ಕಲಸಿದ ಹಿಟ್ಟು ಅದು. ಹಸಿದಿದ್ದೆ, ನಿದ್ದೆಗೆಟ್ಟಿದ್ದೆ. ಆದರೂ ಮಣೆ ಎಳೆದು ಕೂತೆ. ಅರ್ಧ ಗಂಟೆಯಲ್ಲಿ ಕಿಡ್ಯೊ ಎಂಬ ತಿಂಡಿ ನಲವತ್ತೋ ಐವತ್ತೋ ಸುತ್ತಿದೆ. ಅಮ್ಮ ಅವನ್ನು ಕರಿದು ಉಳಿದವುಗಳ ಜೊತೆ ಬೆರೆಸಿದ ಮೇಲೆಯೇ ಡಬ್ಬಿಯ ಮುಚ್ಚಳ ಮುಚ್ಚಿದರು. ಮನೆಯ ಪ್ರತಿಯೊಬ್ಬರ ಬೆರಳೂ ತಾಗದ ತಿಂಡಿಯನ್ನು ನೆರೆಮನೆಗೆ ಕೊಡಬಾರದು ಎಂಬುದು ಅವರ ನಂಬಿಕೆ.

ಕರಾವಳಿಯ ಹೊರಗಿನ ಕೇಳುಗರಿಗೆ ಈ ತಿಂಡಿಗಳ ಪರಿಚಯ ಹೇಳಬೇಕು. ನತಾಲಾಂ ಹಬ್ಬದ ತಿಂಡಿಗಳಿಗೆಲ್ಲ ಸೇರಿ ಕೊಂಕಣಿಯಲ್ಲಿ 'ಕುಸ್ವಾರ್' ಎಂದು ಹೆಸರು. ಅಕ್ಕಿ ಮತ್ತು ತೆಂಗಿನಕಾಯಿ ಸೇರಿಸಿ ಗೋಲಿಯಂತೆ ಉಂಡೆ ಮಾಡಿ ಕರಿಯುವ ಗುಳಿಯೊ. ಎಳ್ಳು, ಸಕ್ಕರೆ, ಗೇರುಬೀಜ, ಒಣದ್ರಾಕ್ಷಿ, ಏಲಕ್ಕಿ ತುಂಬಿಸಿ ಅರ್ಧಚಂದ್ರನ ಆಕಾರಕ್ಕೆ ಮಡಚುವ ನೆವ್ರ್ಯೊ. ಹೂವಿನ ಕಬ್ಬಿಣದ ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ, ಮತ್ತೆ ಎಣ್ಣೆಗಿಳಿಸಿ ಮೆಲ್ಲಗೆ ಅಲುಗಿಸಿ ಬಿಡಿಸುವ ಕೊಕ್ಕಿಸಾಂ. ಅಚ್ಚು ಪೂರ್ತಿ ಮುಳುಗಿದರೆ ಹಿಟ್ಟು ಅದರ ನೆತ್ತಿಗೂ ಹತ್ತಿ, ಹೂವು ಬಿಡಿಸಿಕೊಳ್ಳುವುದೇ ಇಲ್ಲ. ಇವುಗಳ ಜೊತೆ ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು, ಹಣ್ಣುಗಳನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಸಿಟ್ಟು ಮಾಡುವ ಕೇಕು. ಇವೆಲ್ಲವುಗಳಲ್ಲಿ ಹೆಚ್ಚು ಕೈ ಬೇಡುವುದು ಕಿಡ್ಯೊ.

ಕಿಡ್ಯೊ ಎಂದರೆ ಹುಳಗಳು, ಆಕಾರ ನೋಡಿ ಇಟ್ಟ ಹೆಸರು. ಮೈದಾಕ್ಕೆ ದಪ್ಪ ತೆಂಗಿನ ಹಾಲು, ಮೊಟ್ಟೆ, ಸ್ವಲ್ಪ ತುಪ್ಪ, ಚಿಟಿಕೆ ಉಪ್ಪು, ಸಕ್ಕರೆ ಹಾಕಿ ಮೆದುವಾಗಿ ನಾದುತ್ತಾರೆ. ಬೆರಳ ತುದಿಯಷ್ಟು ಹಿಟ್ಟು ಚಿವುಟಿ ಉಂಡೆ ಮಾಡಿ, ಫೋರ್ಕಿನ ಬೆನ್ನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹರಡಿ, ಅಲ್ಲಿಂದಲೇ ಸುರುಳಿ ಸುತ್ತುತ್ತ ಎಬ್ಬಿಸಬೇಕು. ಹೆಚ್ಚು ಒತ್ತಿದರೆ ಹರಿಯುತ್ತದೆ, ಕಡಿಮೆ ಒತ್ತಿದರೆ ಗೆರೆ ಮೂಡುವುದಿಲ್ಲ. ಕೆಲವು ಮನೆಗಳಲ್ಲಿ ಇದಕ್ಕೆಂದೇ ಹೊಸ ಬಾಚಣಿಗೆ ತರುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಹಿತ್ತಾಳೆ ಫೋರ್ಕು ಇದೆ. ಅದರ ನಾಲ್ಕು ಹಲ್ಲುಗಳಲ್ಲಿ ಅಂಚಿನ ಒಂದು ಮುರಿದುಹೋಗಿ ಎಷ್ಟೋ ವರ್ಷವಾಯಿತು. ಹಾಗಾಗಿ ಅದರಲ್ಲಿ ಸುತ್ತಿದ ಕಿಡ್ಯೊದ ಬೆನ್ನಿಗೆ ಮೂರೇ ಗೆರೆ. ಕೇರಿಯ ಮಕ್ಕಳು ಬೇರೆ ಬೇರೆ ಮನೆಯ ತಿಂಡಿ ಬೆರೆತ ತಟ್ಟೆಯಿಂದ ಒಂದನ್ನು ಎತ್ತಿ, ಗೆರೆ ಎಣಿಸಿ, 'ಇದು ಬಾಯಮ್ಮನ ಮನೆಯದ್ದು' ಎನ್ನುತ್ತಿದ್ದರು. ನಮ್ಮ ಕಡೆ ತುಳುವರು ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವುದು ಬಾಯಮ್ಮ ಎಂದು.

ಒಂದು ಕಿಲೋ ಹಿಟ್ಟಿಗೆ ನೂರಾರು ಕಿಡ್ಯೊ ಆಗುತ್ತವೆ. ಒಬ್ಬರು ಕೂತು ಸುತ್ತಿದರೆ ಬೆನ್ನು ಬಿದ್ದುಹೋಗುತ್ತದೆ. ಆದ್ದರಿಂದ ಸಂಜೆ ಪ್ರಾರ್ಥನೆ ಮುಗಿದ ಮೇಲೆ ನೆಲಕ್ಕೆ ಚಾಪೆ ಹಾಸಿ, ನಡುವೆ ದೊಡ್ಡ ಹರಿವಾಣ ಇಟ್ಟು ಎಲ್ಲರೂ ಸುತ್ತ ಕೂರುತ್ತಾರೆ. ಕೈಗೆ ಕೆಲಸ ಇದೆ, ಬಾಯಿಗೆ ಬಿಡುವು ಇದೆ. ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡಬೇಕಾಗಿಲ್ಲ. ಹಾಗೆ ಕೂತಾಗ ಹೊರಗೆ ಬರುವ ಮಾತು ಬೇರೆ ಯಾವ ಹೊತ್ತಿನಲ್ಲೂ ಬರುವುದಿಲ್ಲ. ತಂಗಿ ತನ್ನ ಮಗನ ಓದಿನ ಚಿಂತೆ ಹೇಳಿದ್ದು ಅಲ್ಲಿ. ಕೊಲ್ಲಿಯ ಚಿಕ್ಕಪ್ಪ ತನ್ನ ಮೊದಲ ವರ್ಷದ ಒಂಟಿತನವನ್ನು ಮೂವತ್ತು ವರ್ಷದ ಮೇಲೆ ಬಾಯಿಬಿಟ್ಟದ್ದು ಅಲ್ಲಿ. ಎರಡು ವರ್ಷ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು 'ಆ ಹಿಟ್ಟು ಈಚೆ ಕೊಡು' ಎಂಬ ಒಂದೇ ಮಾತಿನಿಂದ ಮತ್ತೆ ಶುರು ಮಾಡಿದ್ದೂ ಅಲ್ಲಿಯೇ. 25ರ ಊಟದ ಮೇಜಿನಲ್ಲಿ ನಗು ಇರುತ್ತದೆ, ಗದ್ದಲ ಇರುತ್ತದೆ, ಫೋಟೋ ಇರುತ್ತದೆ. ಮನಸ್ಸಿನ ಮಾತಿಗೆ ಜಾಗ ಇರುವುದು ಅದಕ್ಕೆ ಮೂರು ದಿನ ಮೊದಲಿನ ಆ ಚಾಪೆಯ ಮೇಲೆ.

ಎಣ್ಣೆ ಕಾಯುವ ದಿನ ಮೊದಲು ಬಾಣಲೆಗೆ ಬೀಳುವುದು ನೆವ್ರ್ಯೊ. ಅದಕ್ಕೊಂದು ಕಾರಣವಿದೆ. ಪಕ್ಕದ ಭಟ್ಟರ ಮನೆಯವರು ಮೊಟ್ಟೆ ಮುಟ್ಟುವವರಲ್ಲ. ಹೊಸ ಎಣ್ಣೆಯಲ್ಲಿ, ಮೊಟ್ಟೆಯ ಸೋಂಕಿಲ್ಲದ ಬಾಣಲೆಯಲ್ಲಿ, ಮೊದಲ ಒಬ್ಬೆ ಅವರದ್ದು. ಅಮ್ಮ ಅದನ್ನು ಬೇರೆಯೇ ಒಂದು ಡಬ್ಬಿಯಲ್ಲಿ ತುಂಬಿಸಿ ಎತ್ತರದ ಕಪಾಟಿನಲ್ಲಿಡುತ್ತಾರೆ, ಮಕ್ಕಳ ಕೈ ತಾಗದ ಹಾಗೆ. ಆಚೆಮನೆಯ ಬ್ಯಾರಿ ಮುಸ್ಲಿಂ ಗೆಳೆಯನ ಮನೆಗೆ ಹೋಗುವ ಕೇಕಿಗೆ ರಮ್ಮು ಹಾಕುವುದಿಲ್ಲ, ಅದಕ್ಕೆ ಕಿತ್ತಳೆ ರಸದಲ್ಲಿ ನೆನೆಸಿದ ಹಣ್ಣು. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟದ್ದಲ್ಲ, ಮಾಡುತ್ತೇನೆ ಎಂದು ಅಮ್ಮನೂ ಹೇಳಿಕೊಳ್ಳುವುದಿಲ್ಲ. ತಟ್ಟೆ ಹೋಗುತ್ತದೆ, ತಟ್ಟೆ ಬರುತ್ತದೆ. ಬರುವಾಗ ಅದು ಖಾಲಿ ಬಂದದ್ದನ್ನು ನಾನು ಕಂಡಿಲ್ಲ. ಒಂದು ಸೌತೆಕಾಯಿಯಾದರೂ, ನಾಲ್ಕು ಮಲ್ಲಿಗೆಯಾದರೂ ಅದರಲ್ಲಿ ಇರುತ್ತದೆ. ನಾವು ಮಕ್ಕಳಾಗಿದ್ದಾಗ ಈ ತಟ್ಟೆ ಹೊರುವ ಕೆಲಸ ನಮ್ಮದಾಗಿತ್ತು. ಕ್ರೋಶಾ ಹೆಣಿಗೆಯ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಗದ್ದೆಯ ಹುಣಿಯಲ್ಲಿ ನಡೆದ ದಾರಿಗಳೇ ನನಗೆ ಇಂದಿಗೂ ಊರಿನ ನಕ್ಷೆ.

ಈಗ ಹಳೆಯ ಗೆಳೆಯರ ಮಾತು. ಪ್ರೈಮರಿ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂತಿದ್ದ ಒಬ್ಬ ಗೆಳೆಯ ಊರಿನಲ್ಲೇ ಉಳಿದ. ಸ್ವಲ್ಪ ಅಡಿಕೆ ತೋಟ, ಒಂದು ಹಳೆಯ ಓಮ್ನಿ. ಅವನು ಕ್ರೈಸ್ತನಲ್ಲ. ಆದರೆ ನಮ್ಮ ಮನೆಯ ನಕ್ಷತ್ರ ಕಟ್ಟುವುದು ನಲವತ್ತು ವರ್ಷದಿಂದ ಅವನ ಹಕ್ಕು. ಈಗ ಅಂಗಡಿಯಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ನಕ್ಷತ್ರ ಧಾರಾಳ ಸಿಗುತ್ತದೆ. ಅವನು ಮಾತ್ರ ಬಿದಿರು ಸೀಳಿಯೇ ಕಟ್ಟುತ್ತಾನೆ. ಐದೈದು ಕಡ್ಡಿ ಸೇರಿಸಿ ಎರಡು ಚೌಕಟ್ಟು, ಐದು ತುದಿಗಳಲ್ಲಿ ಎರಡನ್ನೂ ಸೇರಿಸಿ ಬಿಗಿದು, ಒಳಗಿನ ಐದು ಕೂಡುಗಳಲ್ಲಿ ಗೇಣುದ್ದದ ತುಂಡು ಸಿಕ್ಕಿಸಿದರೆ ಹೊಟ್ಟೆ ಉಬ್ಬಿ ನಕ್ಷತ್ರ ಎದ್ದು ನಿಲ್ಲುತ್ತದೆ. ಮೈದಾ ಅಂಟು ಕುದಿಸಿ ಬಣ್ಣದ ಕಾಗದ ಹಚ್ಚಿ, ಒಳಗೊಂದು ಬಲ್ಬು ಇಳಿಸಿ, ಗೇಟಿನ ಬಳಿಯ ಮಾವಿನ ಮರಕ್ಕೆ ಏರಿಸುತ್ತೇವೆ. ನಾನು ಕಡ್ಡಿ ಹಿಡಿಯುತ್ತೇನೆ, ಅವನು ನೂಲು ಸುತ್ತುತ್ತಾನೆ. ಮೂರು ಗಂಟೆಯ ಆ ಕೆಲಸದಲ್ಲಿ ಹೆಚ್ಚು ಮಾತಿಲ್ಲ. ಮಳೆ ಹೇಗಿತ್ತು, ಕೊಳೆರೋಗ ಎಷ್ಟು ತಿಂದಿತು, ಮೇಷ್ಟ್ರು ಹೇಗಿದ್ದಾರೆ, ಅಷ್ಟೇ.

ಆರು ವರ್ಷದ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಅಪ್ಪನಿಗೆ ಎದೆನೋವು ಬಂದಾಗ ಆ ಓಮ್ನಿಯಲ್ಲಿ ಅವರನ್ನು ಆಸ್ಪತ್ರೆಗೆ ಮುಟ್ಟಿಸಿದವನು ಇವನು. ನಾನು ಮರುದಿನ ಬಂದು ಇಳಿಯುವವರೆಗೆ ಅಪ್ಪನ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಅಪ್ಪ ಮತ್ತೆರಡು ವರ್ಷ ಇದ್ದರು, ಎರಡು ನತಾಲಾಂ ಕಂಡರು. ಪರವೂರಿಗೆ ಹೋದ ನಮ್ಮಂಥವರ ಮನೆಗಳಲ್ಲಿ ದೀಪ ಉರಿಯುತ್ತಿರುವುದು ಊರಲ್ಲಿ ಉಳಿದ ಇಂಥ ಗೆಳೆಯರಿಂದ. ಅವರಿಗೆ ನಾವು ತರುವ ಚಾಕಲೇಟು, ಸೆಂಟಿನ ಬಾಟಲಿ ಏನೂ ಅಲ್ಲ. ಜೊತೆಗೆ ಕೂತು ಒಂದು ನಕ್ಷತ್ರ ಕಟ್ಟುವಷ್ಟು ಹೊತ್ತು ಕೊಟ್ಟರೆ ಅದು ಅವರಿಗೆ ಮುಟ್ಟುತ್ತದೆ.

ನಕ್ಷತ್ರದ ನಂತರ ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್, ಒಂದು ಎತ್ತು, ಒಂದು ಕತ್ತೆ, ಹುಲ್ಲು ತುಂಬಿದ ಒಂದು ಗೋದಲಿ ಇಟ್ಟು, ಯೇಸುವಿನ ಬಡ ಹುಟ್ಟನ್ನು ಜನರ ಕಣ್ಣಮುಂದೆ ತಂದರು. ಆ ಪದ್ಧತಿ ಲೋಕ ಸುತ್ತಿ ನಮ್ಮ ಜಗಲಿಗೂ ಬಂದಿದೆ. ನಮ್ಮಲ್ಲಿ ಅದಕ್ಕೆ ಗದ್ದೆಯೂ ಬೇಕು. ಹಬ್ಬಕ್ಕೆ ಎರಡು ವಾರ ಇರುವಾಗಲೇ ಅಮ್ಮ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿಸಿ ಭತ್ತ, ರಾಗಿ ಬಿತ್ತಿ ನೀರು ಚಿಮುಕಿಸುತ್ತಾರೆ. ಮಕ್ಕಳೆಲ್ಲ ಬಂದು ಸೇರುವ ಹೊತ್ತಿಗೆ ಸಸಿ ಬೆರಳುದ್ದ ಬೆಳೆದಿರುತ್ತದೆ. ಬೈಹುಲ್ಲಿನ ಮಾಡು, ಮಣ್ಣಿನ ಕುರಿಗಳು, ಕುರುಬರು, ಮರಿಯಮ್ಮ, ಜೋಸೆಫ್, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ನಡುವಿನ ಗೋದಲಿ ಮಾತ್ರ ಖಾಲಿ. ಬಾಲಯೇಸುವಿನ ಮೂರ್ತಿಯನ್ನು ಅಲ್ಲಿ ಮಲಗಿಸುವುದು 24ರ ರಾತ್ರಿ, ಪೂಜೆ ಮುಗಿಸಿ ಬಂದ ಮೇಲೆ. ಅಷ್ಟು ದಿನ ಎಲ್ಲರೂ ಆ ಖಾಲಿ ಜಾಗವನ್ನೇ ನೋಡಿಕೊಂಡು ನಿಂತಿರುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಒಲೆಯ ಪಕ್ಕದ ಆ ಪುಟ್ಟ ಪಾತ್ರೆ, ಅದರ ಮೇಲಿನ ಒದ್ದೆ ಬಟ್ಟೆ ನೆನಪಾಗುತ್ತದೆ. ಬರುವವರಿಗಾಗಿ ಜಾಗ ಬಿಟ್ಟು ಕಾಯುವುದು ಈ ಹಬ್ಬದ ಜೀವಾಳ.

ಹಿಂದೆ ಬಲಿಪೂಜೆ ನಡುರಾತ್ರಿಗೇ ಇರುತ್ತಿತ್ತು. ಈಗ ಅನೇಕ ಇಗರ್ಜಿಗಳಲ್ಲಿ ಸಂಜೆ ಏಳು, ಏಳೂವರೆಗೆ ಶುರುವಾಗುತ್ತದೆ. ಮುಗಿದ ಮೇಲೆ ಅಂಗಳದಲ್ಲಿ ಕೇಕು, ಬಿಸಿ ಚಹಾ, ಹೌಸಿ ಆಟ, ಕೈ ಕುಲುಕುವುದು. ಮರುದಿನ ಬೆಳಿಗ್ಗೆ ಶೇಂದಿ ಹಾಕಿ ಹುದುಗಿಸಿದ ಹಿಟ್ಟಿನಿಂದ ಹಬೆಯಲ್ಲಿ ಬೆಂದ ಮಲ್ಲಿಗೆಯಂಥ ಸನ್ನ, ಬಾಫಾತ್ ಪುಡಿ ಹಾಕಿದ ಹಂದಿಮಾಂಸದ ಪದಾರ್ಥ. ಊಟಕ್ಕೆ ಮೊದಲು ಅಮ್ಮ ನಮ್ಮೆಲ್ಲರನ್ನು ಇಗರ್ಜಿಯ ಹಿಂದಿನ ಸಿಮಿತ್ರಿಗೆ ಕರೆದುಕೊಂಡು ಹೋಗುತ್ತಾರೆ. ಅಪ್ಪನ ಸಮಾಧಿಗೆ ಹೂವಿಟ್ಟು, ಒಂದು ಮೇಣದ ಬತ್ತಿ ಹಚ್ಚಿ, ಬಂದವರ ಹೆಸರನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಈ ವರ್ಷ ಇಂಥವರೆಲ್ಲ ಬಂದಿದ್ದಾರೆ ಎಂದು ವರದಿ ಒಪ್ಪಿಸಿದ ಹಾಗೆ.

26ರಿಂದ ಊರು ಮದುವೆ ಮನೆಯಾಗುತ್ತದೆ. ಹಬ್ಬಕ್ಕೆ ಮುಂಚಿನ ನಾಲ್ಕು ವಾರ ಆಗಮನ ಕಾಲ, ಸಿದ್ಧತೆಯ ಕಾಲ. ಆಗ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಕೊಲ್ಲಿಯವರು, ಮುಂಬಯಿಯವರು ಊರಲ್ಲಿರುವುದೂ ಈ ದಿನಗಳಲ್ಲೇ. ಹಾಗಾಗಿ ತಡೆದಿಟ್ಟ ಮದುವೆಗಳೆಲ್ಲ ಒಟ್ಟಿಗೆ ಬರುತ್ತವೆ. ಒಂದು ಮನೆಯಲ್ಲಿ ರೋಸ್, ಅಂದರೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಇನ್ನೊಂದು ಮನೆಯಲ್ಲಿ ಮಗುವಿನ ಜ್ಞಾನಸ್ನಾನ. ಇಪ್ಪತ್ತು ವರ್ಷ ಕಾಣದ ಸಹಪಾಠಿ ಊಟದ ಸಾಲಿನಲ್ಲಿ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಡುತ್ತಾನೆ.

ಬಂಧುಗಳೇ, ಎಲ್ಲರಿಗೂ ಹೋಗಲಾಗುವುದಿಲ್ಲ ಎಂಬುದನ್ನು ಬಲ್ಲೆ. ಆಸ್ಪತ್ರೆಯ ನರ್ಸುಗಳು, ಪೊಲೀಸರು, ನಮ್ಮನ್ನೆಲ್ಲ ಊರಿಗೆ ಮುಟ್ಟಿಸುವ ರೈಲು ಬಸ್ಸುಗಳ ಚಾಲಕರು ಹಬ್ಬದ ರಾತ್ರಿಯೂ ಕೆಲಸದಲ್ಲಿರುತ್ತಾರೆ. ಅವರ ಮನೆಯ ಖಾಲಿ ಜಾಗಕ್ಕೆ ನಾವು ಋಣಿಗಳು. ಆದರೆ ಹೋಗಬಲ್ಲವರಿಗೆ ನನ್ನದೊಂದು ಬಿನ್ನಹ. ಕೆಲವು ದಿನ ಮೊದಲೇ ಹೊರಡಿ. ರೈಲಿನ ಮುಂಗಡ ಟಿಕೆಟು ಈಗ 60 ದಿನ ಮೊದಲು ಸಿಗುತ್ತದೆ. ಡಿಸೆಂಬರ್ 20ರ ರಾತ್ರಿಗೆ ಹೊರಡಬೇಕಾದರೆ ಅಕ್ಟೋಬರ್ ಮೂರನೆಯ ವಾರದಲ್ಲೇ ಗುರುತು ಹಾಕಿಕೊಳ್ಳಿ. ನತಾಲಾಂ ಇರಲಿ, ದೀಪಾವಳಿ ಇರಲಿ, ರಂಜಾನ್ ಇರಲಿ, ಉಣ್ಣುವ ದಿನಕ್ಕೆ ಹೋದವರು ನೆಂಟರು. ಹಿಟ್ಟು ನಾದುವ ದಿನಕ್ಕೆ ಹೋದವರು ಮನೆಯವರು.

ಅಮ್ಮನಿಗೆ ಈಗ 79. ಬೆರಳ ಗಂಟುಗಳು ಊದಿಕೊಂಡು ಉಂಡೆ ಹಿಡಿಯುವುದು ಕಷ್ಟ. ಕಳೆದ ವರ್ಷ ನನ್ನ ಮಗಳು, ಅವಳೂ ಬೆಂಗಳೂರಿನಲ್ಲಿ ಕೆಲಸಕ್ಕಿರುವವಳು, ಅಜ್ಜಿಯ ಹತ್ತಿರ ಆ ಮುರುಕು ಹಲ್ಲಿನ ಫೋರ್ಕು ಕೇಳಿದಳು. 'ನಿಮಗೆ ಕೈ ನೋಯುತ್ತದೆ ಅಜ್ಜಿ, ನಾನು ಅಲ್ಲೇ ಮಾಡಿ ತರುತ್ತೇನೆ' ಎಂದಳು. ಅಮ್ಮ ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮತ್ತೆ ಕಪಾಟಿನ ಮೊಳೆಗೆ ತೂಗುಹಾಕಿದರು. 'ಇದು ಇಲ್ಲೇ ಇರಲಿ ಪುತಾ' ಎಂದರು. 'ಹಿಟ್ಟು ನಾನು ಕಲಸಿ ಇಡುತ್ತೇನೆ, ಸುತ್ತುವುದಕ್ಕೆ ನೀನು ಬಾ.'

ಈ ಸಲ ಅವಳು ನನಗಿಂತ ಒಂದು ದಿನ ಮೊದಲೇ ಟಿಕೆಟು ಮಾಡಿಸಿದ್ದಾಳೆ.